ಅಪ್ಪನ ಜೊತೆ ಮಾರ್ಗರೆಟ್ ರಿವರ್‌ನ ಬಯೋಡೈನಾಮಿಕ್ ದ್ರಾಕ್ಷಿತೋಟಕ್ಕೆ ಹೋಗಿದ್ದೆವು. ಕೊಂಬಿನ ಗೊಬ್ಬರದ ಬಗ್ಗೆ ಒಂದು ಪ್ರಶ್ನೆ ಇದೆ

ಪರ್ತ್‌ವಾಸಿ

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ. ತೋಟ ಮಾಡುವವರು ಕೊನೆಯ ಪ್ರಶ್ನೆಗೆ ದಯವಿಟ್ಟು ಉತ್ತರ ಕೊಡಿ.

ನಾವಿರುವುದು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಪ್ಪ ಅಮ್ಮ ತೀರ್ಥಹಳ್ಳಿ ಕಡೆಯವರು. ಮೂರು ಎಕರೆ ಅಡಿಕೆ ತೋಟ ಇದೆ. ಈ ಸಲ ಕೊಳೆರೋಗಕ್ಕೆ ಮದ್ದು ಹೊಡೆಸಿ ಮುಗಿದ ಮೇಲೆ, ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾಗುವ ಮುನ್ನ ಮೂರು ವಾರ ಬಿಡುವು ಮಾಡಿಕೊಂಡು ಇಬ್ಬರೂ ಬಂದಿದ್ದರು. ಬೀಚು, ಪಾರ್ಕು ಎಲ್ಲ ತೋರಿಸಿದ್ದಾಯಿತು. ಅಪ್ಪನಿಗೆ ಎರಡೇ ದಿನಕ್ಕೆ ಬೇಜಾರು ಬಂತು. "ಇಲ್ಲಿ ಯಾರೂ ಬೇಸಾಯ ಮಾಡಲ್ವಾ?" ಎಂದರು. ಸರಿ, ಮಾರ್ಗರೆಟ್ ರಿವರ್ ಕಡೆ ಬಯೋಡೈನಾಮಿಕ್ ತೋಟ ನೋಡಲು ಕರೆದುಕೊಂಡು ಹೋದೆವು. ಬಯೋಡೈನಾಮಿಕ್ ಎಂದರೆ ರಾಸಾಯನಿಕ ಗೊಬ್ಬರ ಹಾಕದೆ, ಕೊಂಬಿನ ಗೊಬ್ಬರದಂಥ ತಯಾರಿಕೆ, ಚಂದ್ರನ ಕ್ಯಾಲೆಂಡರ್ ಇಟ್ಟುಕೊಂಡು ಮಾಡುವ ಒಂದು ಬಗೆಯ ಸಾವಯವ ಬೇಸಾಯ.

ಪರ್ತ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಮೂರು ಗಂಟೆ. 1960ರ ದಶಕದವರೆಗೆ ಅಲ್ಲಿ ಹಾಲು, ಮಾಂಸಕ್ಕಾಗಿ ದನ ಸಾಕುವವರು ಮತ್ತು ಮರದ ಮಿಲ್ಲಿನವರೇ ಜಾಸ್ತಿ ಇದ್ದರು. ಜಾನ್ ಗ್ಲಾಡ್‌ಸ್ಟೋನ್ಸ್ ಎಂಬ ಕೃಷಿ ವಿಜ್ಞಾನಿ ಅಲ್ಲಿನ ಹವಾಮಾನ ಫ್ರಾನ್ಸಿನ ಬೋರ್ಡೋ ಪ್ರದೇಶವನ್ನು ಹೋಲುತ್ತದೆ ಎಂದು ಬರೆದ ಮೇಲೆ ದ್ರಾಕ್ಷಿ ಬಂತು. ಮೊದಲು ಬಳ್ಳಿ ನೆಟ್ಟವರಲ್ಲಿ ಡಾಕ್ಟರುಗಳೇ ಹಲವರು. ಅವರಲ್ಲಿ ಒಬ್ಬರು ಬಸೆಲ್ಟನ್ ಊರಿನ ವೈದ್ಯ ಕೆವಿನ್ ಕಲೆನ್. ಅವರೂ ಪತ್ನಿ ಡಯಾನಾ ಕೂಡ 1971ರಲ್ಲಿ ವಿಲ್ಯಾಬ್ರಪ್ ಎಂಬಲ್ಲಿ 18 ಎಕರೆ ದ್ರಾಕ್ಷಿ ಹಾಕಿದರು. ಈಗ ಅವರ ಮಗಳು ವಾನ್ಯಾ ಕಲೆನ್ ನೋಡಿಕೊಳ್ಳುತ್ತಾರೆ. 1989ರಿಂದ ಅಲ್ಲಿನ ಮುಖ್ಯ ವೈನ್ ತಯಾರಕಿ ಅವರೇ. ತೋಟಕ್ಕೆ 2004ರಲ್ಲಿ ಬಯೋಡೈನಾಮಿಕ್ ಪ್ರಮಾಣಪತ್ರ ಸಿಕ್ಕಿತು.

ಅಲ್ಲಿನ ಊರುಗಳ ಹೆಸರು ನೋಡಿ: ವಿಲ್ಯಾಬ್ರಪ್, ಕವರಮಪ್, ಯಾಲಿಂಗಪ್. ಎಲ್ಲದರ ಬಾಲದಲ್ಲೂ "ಅಪ್". ಅಲ್ಲಿನ ಮೂಲ ಜನರಾದ ನೂಂಗಾರರ ಭಾಷೆಯಲ್ಲಿ ಅದಕ್ಕೆ ಜಾಗ ಎಂದರ್ಥ. ನಮ್ಮ ಹಳ್ಳಿ, ಊರು, ಕೊಪ್ಪ ಇದ್ದ ಹಾಗೆ. ಅಪ್ಪನಿಗೆ ಇದು ಬಹಳ ಇಷ್ಟವಾಯಿತು. ದಾರಿಯುದ್ದಕ್ಕೂ ಬೋರ್ಡ್ ಓದುತ್ತಾ ಬಂದರು.

ಕಲೆನ್‌ಗೆ ಹೋಗುವ ಮುನ್ನ ಅದೇ ಭಾಗದ ಒಂದು ಸಣ್ಣ ತೋಟಕ್ಕೆ ಹೋದೆವು. ಗಂಡ ಹೆಂಡತಿ ಇಬ್ಬರೇ ನಡೆಸುವುದು. ಹೆಸರು ಹಾಕುವುದಿಲ್ಲ, ಅವರು ಪ್ರಚಾರ ಬಯಸುವ ಜನ ಅಲ್ಲ. ಅಲ್ಲಿ ಈಗ ವಸಂತ. ಬಳ್ಳಿಗಳಲ್ಲಿ ಹಣ್ಣೂ ಇಲ್ಲ, ಎಲೆಯೂ ಇಲ್ಲ. ಕಪ್ಪು ಮೋಟುಗಳ ಮೇಲೆ ನಸುಗೆಂಪು ಮೊಗ್ಗು ಅಷ್ಟೇ. ಸಾಲುಗಳ ನಡುವೆ ಮೊಣಕಾಲೆತ್ತರ ಹುಲ್ಲು, ಅವರೆ ಜಾತಿಯ ಗಿಡ, ಕಾಡು ಮೂಲಂಗಿ ಹೂವು.

ಆ ಯಜಮಾನರು ಸಲಿಕೆ ತಂದು ತೋಟದ ಮೂಲೆಯಲ್ಲಿ ಒಂದು ಗುಂಡಿ ತೆಗೆದರು. ಒಳಗೆ ಹಸುವಿನ ಕೊಂಬುಗಳು. ಚಳಿಗಾಲಕ್ಕೆ ಮುಂಚೆ ಕೊಂಬಿನೊಳಗೆ ಹಸಿ ಸಗಣಿ ತುಂಬಿ ಹೂಳುತ್ತಾರೆ. ವಸಂತದಲ್ಲಿ ತೆಗೆಯುತ್ತಾರೆ. ಒಂದು ಕೊಂಬನ್ನು ಕಲ್ಲಿಗೆ ತಟ್ಟಿದರು. ಒಳಗಿಂದ ಕಪ್ಪನೆಯ ಮುದ್ದೆ ಜಾರಿ ಅಪ್ಪನ ಅಂಗೈ ಮೇಲೆ ಬಿತ್ತು. ಅಪ್ಪ ಮೂಸಿದರು. ಸಗಣಿ ವಾಸನೆ ಒಂದು ಚೂರೂ ಇಲ್ಲ. ಮೊದಲ ಮಳೆ ಬಿದ್ದ ಮೇಲೆ ಬೆಟ್ಟದ ದರಕಿನ (ಉದುರಿದ ಒಣ ಎಲೆಯ) ಅಡಿ ಮಣ್ಣು ಕೆದಕಿದರೆ ಬರುತ್ತಲ್ಲ, ಅದೇ ವಾಸನೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಹರಡಿತು. ಅಮ್ಮನಿಗೂ ಕೊಟ್ಟರು, ನನಗೂ ಕೊಟ್ಟರು. ಅದನ್ನು ಅವರೆಲ್ಲ "500" ಎಂಬ ನಂಬರಿನಿಂದಲೇ ಕರೆಯುತ್ತಾರೆ.

ಅದರಲ್ಲಿ ಎಕರೆಗೆ ಬರೀ 25 ಗ್ರಾಂನಷ್ಟು ತೆಗೆದುಕೊಂಡು 13-14 ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ ಒಂದು ಗಂಟೆ ತಿರುವಬೇಕು. ಬರೀ ತಿರುವುವುದಲ್ಲ. ಒಂದೇ ದಿಕ್ಕಿಗೆ ಜೋರಾಗಿ ತಿರುವಿ, ನಡುವೆ ಆಳವಾದ ಸುಳಿ ಬರಬೇಕು. ಸುಳಿ ಬಂದ ತಕ್ಷಣ ದಿಕ್ಕು ಬದಲಿಸಬೇಕು. ಆಗ ನೀರು ಗಲಿಬಿಲಿಯಾಗಿ ನೊರೆ ಏಳುತ್ತದೆ. ಮತ್ತೆ ಸುಳಿ. ಮತ್ತೆ ಬದಲು. ಅಪ್ಪ ಕೋಲು ಇಸಿದುಕೊಂಡರು. ಜೀವಾಮೃತ ಮಾಡಿ ಅಭ್ಯಾಸ ಇದೆ. ಆದರೆ ಅದನ್ನು ಬಲಕ್ಕೆ ಮಾತ್ರ ತಿರುವುತ್ತಾರೆ. ಎಡಕ್ಕೆ ಬಂದಾಗಲೆಲ್ಲ ಕೈ ತಡೆಯುತ್ತಿತ್ತು. ಇಪ್ಪತ್ತು ನಿಮಿಷ ತಿರುವಿ ಬೆವರು ಒರೆಸಿಕೊಂಡರು. ಭಾಷೆ ಬಾರದಿದ್ದರೂ ಆ ಯಜಮಾನರೂ ಅಪ್ಪನೂ ಬಕೆಟ್ ಎದುರು ಕೂತು ಅರ್ಧ ದಿನ ಕಳೆದರು. ನಾನು ನಡುವೆ ಕೂತು ಅನುವಾದ ಮಾಡಿದೆ.

ಆಮೇಲೆ ಕಲೆನ್. ಕಲ್ಲು, ಮರ ಬಳಸಿ ಕಟ್ಟಿದ ಕಟ್ಟಡ, ಸುತ್ತ ತರಕಾರಿ ತೋಟ. ಹಳೆಯ ಬಳ್ಳಿಗಳಿಗೆ ನೀರಾವರಿ ಇಲ್ಲ. ಬೇಸಿಗೆಯಲ್ಲಿ ಮಳೆಯೇ ಬಾರದ ಊರಲ್ಲಿ ಬೇರು ತಾನೇ ಆಳಕ್ಕೆ ಹೋಗಿ ನೀರು ಹುಡುಕಬೇಕು. ಅಪ್ಪ ಕಾಲಬುಡದ ಮಣ್ಣು ಎತ್ತಿ ನೋಡಿದರು. ಕೆಂಪು ಕಂದು, ಸಣ್ಣ ಸಣ್ಣ ಕಬ್ಬಿಣಗಲ್ಲಿನ ಹರಳು. "ಇದು ನಮ್ಮ ಜಂಬಿಟ್ಟಿಗೆ ಮಣ್ಣೇ ಕಣೇ" ಎಂದರು. ಊರು ಬಿಟ್ಟು ಬಂದ ಮೇಲೆ ಅವರ ಮುಖದಲ್ಲಿ ಅಂಥ ಖುಷಿ ನಾನು ನೋಡಿರಲಿಲ್ಲ.

ಟೇಸ್ಟಿಂಗ್ ನಾನು ಮಾಡಿದೆ. ಗಂಡ ಡ್ರೈವ್ ಮಾಡಬೇಕಿತ್ತು. ಅಪ್ಪ ಅಮ್ಮ ಕುಡಿಯುವುದಿಲ್ಲ. ಪ್ರತಿ ವೈನ್ ಎರಡು ಗುಟುಕಿನಷ್ಟು ಹಾಕುತ್ತಾರೆ. ಕೆವಿನ್ ಜಾನ್ ಎಂಬ ಶಾರ್ಡನೇ (ಬಿಳಿ ವೈನ್), ಡಯಾನಾ ಮ್ಯಾಡಲಿನ್ ಎಂಬ ಕ್ಯಾಬರ್ನೆ (ಕೆಂಪು ವೈನ್). ವಾನ್ಯಾ ತಮ್ಮ ಅಪ್ಪ ಅಮ್ಮನ ಹೆಸರನ್ನೇ ವೈನಿಗೆ ಇಟ್ಟಿದ್ದಾರೆ. ಇನ್ನೊಂದು ಆಂಬರ್ ಅಂತ. ಬಿಳಿ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುದುಗಿಸಿದ್ದು. ಹಳೆ ಜೇನಿನ ಬಣ್ಣ. ಬಾಯಿಗೆ ಹಾಕಿದರೆ ಕಿತ್ತಳೆ ಸಿಪ್ಪೆ, ಆಮೇಲೆ ನಾಲಿಗೆ ಹಿಡಿಯುವ ಒಗರು. ಡಯಾನಾ ಮ್ಯಾಡಲಿನ್ ಲೋಟವನ್ನು ಅಪ್ಪನ ಮೂಗಿನ ಹತ್ತಿರ ಹಿಡಿದೆ. ಸುಮ್ನೆ ಮೂಸಿ ನೋಡಿ ಎಂದೆ. ಮೂಸಿದರು. ಮತ್ತೊಮ್ಮೆ ಮೂಸಿದರು. "ಅಡಿಕೆ ಬೇಯಿಸುವಾಗ ಹಂಡೆ ಹತ್ತಿರ ನಿಂತರೆ ಬರುತ್ತಲ್ಲ, ಚೊಗರು. ಹಾಗೇ ಇದೆ" ಎಂದರು. ಅಲ್ಲಿದ್ದ ಹುಡುಗಿಗೆ ಚೊಗರು ಎಂದರೆ ಅಡಿಕೆ ಬೇಯಿಸಿದ ಒಗರು ನೀರು ಎಂದು ವಿವರಿಸಿದೆ. ಅವಳು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

ಈಗ ಪ್ರಶ್ನೆ. ಅಪ್ಪ ಊರಿಗೆ ಹೋಗಿದ್ದಾರೆ. ಒಂದು ಎಕರೆಗೆ ಈ ಕೊಂಬಿನ ಗೊಬ್ಬರ ಮಾಡಿ ನೋಡುತ್ತೇನೆ ಎನ್ನುತ್ತಿದ್ದಾರೆ. ಅಡಿಕೆ ತೋಟಕ್ಕೆ ಯಾರಾದರೂ ಹಾಕಿದ್ದೀರಾ? ಉಪಯೋಗ ಇದೆಯಾ? ಅಥವಾ ಸುಮ್ನೆ ಶ್ರಮವಾ?

ಮಣ್ಣುಪರೀಕ್ಷೆ

ಬಹಳ ಖುಷಿಯಾಯಿತು ಓದಿ. ನಾನು ಮಣ್ಣು ವಿಜ್ಞಾನದವಳು. ಮೊದಲು ನಿಮ್ಮ ತಂದೆಯವರ ಮಾತಿಗೆ ನನ್ನ ನಮಸ್ಕಾರ. ಅವರು ಗುರುತಿಸಿದ್ದು ಸರಿ. ಮಾರ್ಗರೆಟ್ ರಿವರ್‌ನ ಒಳ್ಳೆ ದ್ರಾಕ್ಷಿತೋಟಗಳ ಮಣ್ಣು ಕಬ್ಬಿಣಗಲ್ಲಿನ ಹರಳಿನ ಲ್ಯಾಟರೈಟ್ ಜಾತಿಯದೇ. ಲ್ಯಾಟರೈಟ್ ಎಂಬ ಹೆಸರು ಹುಟ್ಟಿದ್ದೂ ನಮ್ಮ ಕಡೆಯೇ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಆ ಹೆಸರು ಕೊಟ್ಟ. ಮೈಸೂರು, ಕೆನರಾ ಸುತ್ತಿದ್ದೂ ಅದೇ ವರದಿಯಲ್ಲಿದೆ.

ಈಗ ಪ್ರಶ್ನೆಗೆ. ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ.

ಈ ಪದ್ಧತಿ ಬಂದದ್ದು 1924ರ ಜೂನ್‌ನಲ್ಲಿ ರುಡಾಲ್ಫ್ ಸ್ಟೈನರ್ ಕೊಟ್ಟ ಎಂಟು ಉಪನ್ಯಾಸಗಳಿಂದ. ಊರು ಕೋಬರ್‌ವಿಟ್ಸ್. ಆಗ ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಸ್ಟೈನರ್ ರೈತ ಅಲ್ಲ, ಆಧ್ಯಾತ್ಮ ಚಿಂತಕ. ಕೊಂಬು ಭೂಮಿಯ ಮತ್ತು ಆಕಾಶದ ಶಕ್ತಿಗಳನ್ನು ಹಿಡಿದಿಡುತ್ತದೆ ಎಂಬುದು ಅವರ ನಂಬಿಕೆ. ಅದು ಪ್ರಯೋಗ ಮಾಡಿ ಕಂಡುಕೊಂಡದ್ದಲ್ಲ.

ಆಮೇಲೆ ಪ್ರಯೋಗಗಳು ನಡೆದವು. ಕ್ಯಾಲಿಫೋರ್ನಿಯಾದ ಒಂದು ಮರ್ಲೋ ದ್ರಾಕ್ಷಿತೋಟದಲ್ಲಿ 1996ರಿಂದ ಒಂದು ಭಾಗಕ್ಕೆ ಸಾವಯವ, ಇನ್ನೊಂದಕ್ಕೆ ಬಯೋಡೈನಾಮಿಕ್ ಮಾಡಿ ನೋಡಿದರು. ಎರಡಕ್ಕೂ ಕಾಂಪೋಸ್ಟ್ ಇತ್ತು. ಬೇರೆ ಇದ್ದದ್ದು ಈ ಕೊಂಬು ಮತ್ತು ಗಿಡಮೂಲಿಕೆಯ ತಯಾರಿಕೆಗಳು ಮಾತ್ರ. ಮೊದಲ ಆರು ವರ್ಷ ಮಣ್ಣಿನ ಗುಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ಸ್ವಿಟ್ಜರ್ಲೆಂಡಿನ ಥೆರ್‌ವಿಲ್‌ನಲ್ಲಿ 1978ರಿಂದ ನಡೆಯುತ್ತಿರುವ ದೊಡ್ಡ ಹೋಲಿಕೆ ಪ್ರಯೋಗ ಇದೆ. 2002ರಲ್ಲಿ ಅದರ 21 ವರ್ಷದ ಫಲಿತಾಂಶ ಬಂತು. ಸಾವಯವ ಮತ್ತು ಬಯೋಡೈನಾಮಿಕ್ ಜಮೀನಿನಲ್ಲಿ ಇಳುವರಿ ಸಾಮಾನ್ಯ ರಾಸಾಯನಿಕ ಬೇಸಾಯಕ್ಕಿಂತ ಶೇ. 20ರಷ್ಟು ಕಡಿಮೆ. ಆದರೆ ಗೊಬ್ಬರ, ಶಕ್ತಿಯ ಖರ್ಚು ಶೇ. 34ರಿಂದ 53 ಕಡಿಮೆ, ಕೀಟನಾಶಕ ಶೇ. 97 ಕಡಿಮೆ. ಮಣ್ಣಿನ ಜೀವ ಚೆನ್ನಾಗಿತ್ತು. ಆದರೆ ಅದಕ್ಕೆ ಕಾರಣ ಕೊಂಬು ಎನ್ನಲು ಆಗುವುದಿಲ್ಲ. ಅಲ್ಲಿ ಕೊಳೆತ ಸಗಣಿ ಗೊಬ್ಬರವೂ ಇತ್ತು, ಬೆಳೆ ಸರದಿಯೂ ಇತ್ತು.

ಒಂದು ಎಕರೆಗೆ 25 ಗ್ರಾಂ ಹಾಕಿದರೆ ಪೋಷಕಾಂಶದ ಲೆಕ್ಕದಲ್ಲಿ ಅದು ಏನೂ ಅಲ್ಲ. ನಿಮ್ಮ ತಂದೆ ಮಾಡಲಿ, ತಪ್ಪಿಲ್ಲ, ಹಾನಿ ಇಲ್ಲ. ಆದರೆ ಅದನ್ನು ನಂಬಿ ದನದ ಗೊಬ್ಬರ, ಸೊಪ್ಪು ಕಡಿಮೆ ಮಾಡುವುದು ಬೇಡ.

ದೊಡ್ಡಬಳ್ಳಾಪುರ ಚಪ್ಪರ

ನಾನು ದ್ರಾಕ್ಷಿ ಬೆಳೆಯುವವನು, ಅಡಿಕೆ ಅಲ್ಲ. ಬೆಂಗಳೂರು ಬ್ಲೂ ಎರಡು ಎಕರೆ ಇದೆ. 2013ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ ತಳಿ. ನಮ್ಮ ಕಡೆ ಗ್ರೋವರ್‌ನವರು 1988ರಲ್ಲಿ ವೈನ್ ತೋಟ ಶುರು ಮಾಡಿದ ಮೇಲೆ ವೈನ್ ದ್ರಾಕ್ಷಿಯನ್ನೂ ಹತ್ತಿರದಿಂದ ನೋಡಿದ್ದೇನೆ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಅಲ್ಲಿ ಬಳ್ಳಿಗೆ ಚಳಿಗಾಲದಲ್ಲಿ ನಿದ್ದೆ ಇದೆ. ಎಲೆ ಎಲ್ಲ ಉದುರುತ್ತದೆ. ನಮ್ಮ ಕಡೆ ಬಳ್ಳಿ ಮಲಗುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ನಾವೇ ಎಬ್ಬಿಸಬೇಕು. ಮಳೆ ಹಿಡಿದರೆ ಡೌನಿ ಬೂಜು ರೋಗ ಬಿಡುವುದಿಲ್ಲ. ಮೂರು ದಿನ ಮೋಡ ಕವಿದರೆ ನನಗೆ ನಿದ್ದೆ ಬರಲ್ಲ. ಅವರು ಕೆಮಿಕಲ್ ಇಲ್ಲದೆ ಹೇಗೆ ಬದುಕುತ್ತಾರೆ? ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಹಾಕಬಹುದಾ ಅವರು?

ಪರ್ತ್‌ವಾಸಿ

ಅಣ್ಣ, ಇದೇ ಪ್ರಶ್ನೆ ಅಪ್ಪನೂ ಕೇಳಿದರು! ಹಾಕಬಹುದು. ಮೈಲುತುತ್ತ, ಸುಣ್ಣ, ಗಂಧಕ ಮೂರಕ್ಕೂ ಒಪ್ಪಿಗೆ ಇದೆ. ಆದರೆ ತಾಮ್ರಕ್ಕೆ ಮಿತಿ ಇದೆ. ಯುರೋಪಿನ ಸಾವಯವ ನಿಯಮದಲ್ಲಿ ಒಂದು ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆಜಿ ತಾಮ್ರ. ಅಂದರೆ ವರ್ಷಕ್ಕೆ ಸರಾಸರಿ 4. ಬಯೋಡೈನಾಮಿಕ್‌ನ ಡಿಮೀಟರ್ ಎಂಬ ಪ್ರಮಾಣಗುರುತಿಗೆ ಅದು ವರ್ಷಕ್ಕೆ 3 ಕೆಜಿ. ತಾಮ್ರ ಮಣ್ಣಿನಲ್ಲೇ ಉಳಿದುಬಿಡುತ್ತದೆ, ಎರೆಹುಳಕ್ಕೆ ಕೆಟ್ಟದ್ದು ಎಂಬ ಕಾರಣಕ್ಕೆ.

ಅಪ್ಪ ಇದನ್ನು ಕೇಳಿ ತುಂಬ ಹೊತ್ತು ಮಾತಾಡಲಿಲ್ಲ. ನಮ್ಮ ತೋಟಕ್ಕೆ ಅಜ್ಜನ ಕಾಲದಿಂದ ಪ್ರತಿ ಮಳೆಗಾಲ ಎರಡು ಮೂರು ಸಲ ಬೋರ್ಡೋ ಬೀಳುತ್ತಿದೆ. ಅದು ಹೋಗುವುದೆಲ್ಲ ಬುಡಕ್ಕೇ ಅಲ್ವಾ? ಫ್ರಾನ್ಸಿನ ದ್ರಾಕ್ಷಿಗೆ 1885ರಲ್ಲಿ ಮಿಲಾರ್ಡೆ ಕಂಡುಹಿಡಿದ ಮದ್ದು ಮಲೆನಾಡಿನ ಅಡಿಕೆ ಉಳಿಸಿತು. ಅದಿಲ್ಲದೆ ನಮ್ಮ ಬದುಕೇ ಇಲ್ಲ. ಆದರೆ ಲೆಕ್ಕ ಇಟ್ಟವರು ಯಾರೂ ಇಲ್ಲ. ಕಾರಿನಲ್ಲಿ ವಾಪಸ್ ಬರುವಾಗ ಅಪ್ಪ ಹೇಳಿದ ಮೊದಲ ಮಾತು: "ಬುಡದ ಮಣ್ಣು ಪರೀಕ್ಷೆ ಮಾಡಿಸಬೇಕು, ತಾಮ್ರ ಎಷ್ಟಿದೆ ನೋಡಬೇಕು."

ಮಾರ್ಗರೆಟ್ ರಿವರ್‌ನವರ ಅದೃಷ್ಟ ಎಂದರೆ ಮಳೆ ಬರುವುದೆಲ್ಲ ಚಳಿಗಾಲದಲ್ಲಿ, ಬಳ್ಳಿ ಮಲಗಿರುವಾಗ. ಹಣ್ಣಿನ ಹೊತ್ತಿಗೆ ಒಣ ಬೇಸಿಗೆ. ಹಾಗಾಗಿ ನಿಮ್ಮ ಡೌನಿ ಕಷ್ಟ ಅವರಿಗೆ ಕಡಿಮೆ. ಅದನ್ನು ಆ ಯಜಮಾನರೇ ಒಪ್ಪಿಕೊಂಡರು.

ಅವರ ದೊಡ್ಡ ಕಾಟ ಹಕ್ಕಿ. ಸಿಲ್ವರ್‌ಐ ಎಂಬ ಪುಟ್ಟ ಹಸಿರು ಹಕ್ಕಿ. ಹಣ್ಣಾಗುವ ಹೊತ್ತಿಗೆ ಕಾಡಿನಲ್ಲಿ ಮಾರ್ರಿ ಮರ ಚೆನ್ನಾಗಿ ಹೂ ಬಿಟ್ಟರೆ ಅವು ಮಕರಂದಕ್ಕೆ ಅಲ್ಲೇ ಉಳಿಯುತ್ತವೆ. ಹೂ ಕೈಕೊಟ್ಟ ವರ್ಷ ದ್ರಾಕ್ಷಿಗೆ ಮುತ್ತುತ್ತವೆ. ಆಗ ಇಡೀ ತೋಟಕ್ಕೆ ಬಲೆ. ಅದಕ್ಕೆ ಅಲ್ಲಿ ಬೆಳೆಗಾರರು ದ್ರಾಕ್ಷಿ ನೋಡುವ ಮೊದಲು ಮಾರ್ರಿ ಮರ ನೋಡುತ್ತಾರೆ.

ಬೆಟ್ಟದ ಸೊಪ್ಪು

ಶಿರಸಿ ಕಡೆಯಿಂದ. ನಾನು 500 ಹಾಕಿ ಆರು ವರ್ಷ ಆಯಿತು. ಅನುಭವ ಬರೆಯುತ್ತೇನೆ. ಮಣ್ಣುಪರೀಕ್ಷೆಯವರು ಹೇಳಿದ್ದನ್ನು ಅಲ್ಲಗಳೆಯಲು ಅಲ್ಲ.

ಮೊದಲು ಕಾಲ. ಅವರು ದಕ್ಷಿಣ ಗೋಳಾರ್ಧದವರು, ಏಪ್ರಿಲ್ ಸುಮಾರಿಗೆ ಹೂಳಿ ಸೆಪ್ಟೆಂಬರ್‌ನಲ್ಲಿ ತೆಗೆಯುತ್ತಾರೆ. ನಮಗೆ ಅದು ತಲೆಕೆಳಗು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂಳಿ ಫೆಬ್ರವರಿ-ಮಾರ್ಚ್‌ನಲ್ಲಿ ತೆಗೆಯಬೇಕು. ಅಂದರೆ ನಿಮ್ಮ ತಂದೆಗೆ ಸರಿಯಾದ ಹೊತ್ತು ಇದೇ. ಜಾಗ ನೀರು ನಿಲ್ಲದ್ದಾಗಿರಬೇಕು. ದೊಡ್ಡ ಮರದ ಬೇರಿನ ಹತ್ತಿರ ಬೇಡ. ನನ್ನ ಮೊದಲ ವರ್ಷದ ಕೊಂಬಿನೊಳಗೆ ಹಲಸಿನ ಬೇರು ಹೊಕ್ಕು ಎಲ್ಲ ಹೀರಿಬಿಟ್ಟಿತ್ತು. ಇನ್ನು ಕೆಲವು ಕೊಂಬು ತೆಗೆದಾಗ ಹಸಿರು ಸಗಣಿ ಹಾಗೇ ಇತ್ತು, ನಾರುತ್ತಿತ್ತು. ಅಂಥದ್ದನ್ನು ಬಳಸಬಾರದು. ಪೂರ್ತಿ ಕಪ್ಪಾಗಿ ವಾಸನೆ ಹೋಗಿರಬೇಕು.

ಭಾರತಕ್ಕೆ ಇದು ಬಂದ ಕಥೆ ಗೊತ್ತಿರಲಿ. ಇಂದೋರಿನ ಟಿ.ಜಿ.ಕೆ. ಮೆನನ್ ಅವರು ನ್ಯೂಜಿಲೆಂಡಿನ ಪೀಟರ್ ಪ್ರಾಕ್ಟರ್ ಅವರನ್ನು 1993ರಲ್ಲಿ ಕರೆಸಿದರು. ಅಲ್ಲಿಂದ ಹಬ್ಬಿತು. ಕೊಡೈಕೆನಾಲ್ ಕಡೆ ತಯಾರಿಸಿ ಮಾರುವವರಿದ್ದಾರೆ. ಡಾರ್ಜಿಲಿಂಗ್‌ನ ಮಕಾಯಿಬಾರಿ ಚಹಾ ತೋಟ ಈ ಪದ್ಧತಿಗೆ ಹೆಸರುವಾಸಿ.

ನನ್ನ ತೋಟದಲ್ಲಿ ಇಳುವರಿ ಜಾಸ್ತಿ ಆಯಿತಾ? ಇಲ್ಲ. ಎಷ್ಟಿತ್ತೋ ಅಷ್ಟೇ. ಮಣ್ಣು ಮೆತ್ತಗಾಗಿದೆ, ಎರೆಹುಳ ಹೆಚ್ಚಾಗಿದೆ. ಅದು 500ರಿಂದಲೋ, ಕಳೆನಾಶಕ ಬಿಟ್ಟದ್ದರಿಂದಲೋ, ಸೊಪ್ಪು ಜಾಸ್ತಿ ಹಾಕಿದ್ದರಿಂದಲೋ ನಾನು ಆಣೆ ಮಾಡಲಾರೆ. ಮೂರೂ ಒಂದೇ ವರ್ಷ ಶುರು ಮಾಡಿದೆ.

ಆದರೆ ಈ ಪದ್ಧತಿಯ ಒಂದು ಮಾತು ನನ್ನ ಮನಸ್ಸಿಗೆ ನಾಟಿದೆ. ತೋಟ ಒಂದು ಪೂರ್ತಿ ದೇಹ ಇದ್ದ ಹಾಗೆ, ಗೊಬ್ಬರ ಆದಷ್ಟೂ ಹೊರಗಿಂದ ಬರಬಾರದು, ಜಮೀನಿನ ಹತ್ತನೇ ಒಂದು ಭಾಗ ಕಾಡು, ಪೊದೆ, ಹಕ್ಕಿಗೆ ಬಿಡಬೇಕು ಎನ್ನುತ್ತದೆ ಡಿಮೀಟರ್ ನಿಯಮ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆಗೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಹಕ್ಕು ಇದೆ. ನಮ್ಮ ಹಿರಿಯರು ಹತ್ತನೇ ಒಂದು ಅಲ್ಲ, ಒಂಬತ್ತು ಪಾಲು ಬಿಟ್ಟಿದ್ದರು. ನಾವು ಆ ಬೆಟ್ಟವನ್ನು ಬೋಳು ಮಾಡಿ, ಈಗ ಹೊರಗಿಂದ ಕುರಿಗೊಬ್ಬರದ ಲಾರಿ ತರಿಸುತ್ತಿದ್ದೇವೆ. ನನಗೆ ಇದು ಸಂಕಟದ ವಿಷಯ.

ಹೊಸದಾಗಿ ಸೇರಿದವಳು

ಒಂದು ಸಂದೇಹ. ಕೊಂಬು ಎಲ್ಲಿಂದ ತರುತ್ತಾರೆ? ನಮ್ಮ ಮನೆಯಲ್ಲಿ ಇದನ್ನು ಒಪ್ಪುವುದಿಲ್ಲ. ಮತ್ತೆ ವೈನ್ ಸಸ್ಯಾಹಾರವಾ?

ಮಣ್ಣುಪರೀಕ್ಷೆ

ಒಳ್ಳೆಯ ಪ್ರಶ್ನೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರದೇಶಗಳಲ್ಲಿ ಕೊಂಬು ಬರುವುದು ಕಸಾಯಿಖಾನೆಯಿಂದಲೇ. ಕರು ಹಾಕಿದ ಹಸುವಿನ ಕೊಂಬೇ ಆಗಬೇಕು ಎನ್ನುತ್ತಾರೆ. ಒಂದೇ ಕೊಂಬನ್ನು ಮೂರು ನಾಲ್ಕು ವರ್ಷ ಬಳಸಬಹುದು. ಉಳಿದ ತಯಾರಿಕೆಗಳಲ್ಲಿ ಇನ್ನೂ ಇದೆ. ಕ್ಯಾಮೊಮೈಲ್ ಹೂವನ್ನು ದನದ ಕರುಳಿನಲ್ಲಿ ತುಂಬುತ್ತಾರೆ, ಓಕ್ ಮರದ ತೊಗಟೆಯನ್ನು ಸಾಕುಪ್ರಾಣಿಯ ತಲೆಬುರುಡೆಯಲ್ಲಿ ಇಡುತ್ತಾರೆ, ಯಾರೋ (yarrow) ಎಂಬ ಹೂವಿಗೆ ಗಂಡು ಜಿಂಕೆಯ ಮೂತ್ರಕೋಶ. ತಿಳಿದು ನಿರ್ಧಾರ ಮಾಡಿ.

ವೈನ್ ವಿಷಯ ಬೇರೆ. ವೈನ್ ತಿಳಿಯಾಗಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಬಳಸುತ್ತಾರೆ. ಕೆಲವರು ಜೇಡಿಮಣ್ಣು ಬಳಸುತ್ತಾರೆ, ಕೆಲವರು ಏನೂ ಹಾಕುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಮೊಟ್ಟೆ, ಹಾಲು ಉಳಿದಿದ್ದರೆ ಲೇಬಲ್ ಮೇಲೆ ಬರೆಯಲೇಬೇಕು. ವೀಗನ್ ಎಂದು ಬರೆದಿದ್ದರೆ ನಿಶ್ಚಿಂತೆ. ಇನ್ನೊಂದು: ಬಯೋಡೈನಾಮಿಕ್ ಎಂದರೆ ಸಲ್ಫೈಟ್ (ವೈನ್ ಕೆಡದಂತೆ ಹಾಕುವ ವಸ್ತು) ಇಲ್ಲ ಎಂದಲ್ಲ. ಮಿತಿ ಕಡಿಮೆ, ಅಷ್ಟೇ. ಉಬ್ಬಸ ಇರುವವರು ಎಚ್ಚರ.

ಪಂಚಾಂಗ ನೋಡುವವ

ಚಂದ್ರನ ಕ್ಯಾಲೆಂಡರ್ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? ನಮ್ಮ ಮಳೆ ನಕ್ಷತ್ರದ ಲೆಕ್ಕವೇ ಅದು. ಭರಣಿ ಮಳೆ ಬಂದರೆ ಧರಣಿ ಎಲ್ಲ ಬೆಳೆ ಎಂದು ಹಿರಿಯರು ಹೇಳಿದ್ದು ಸುಳ್ಳಾ? ಅವರು ಈಗ ನಮ್ಮದನ್ನೇ ಕಲಿತು ನಮಗೇ ಹೇಳಿಕೊಡುತ್ತಿದ್ದಾರೆ.

ಬೆಟ್ಟದ ಸೊಪ್ಪು

ಪ್ರೀತಿಯಿಂದಲೇ ಹೇಳುತ್ತೇನೆ, ಎರಡೂ ಒಂದಲ್ಲ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಸೂರ್ಯ ಭರಣಿಯಲ್ಲಿರುವ 13-14 ದಿನ ಭರಣಿ ಮಳೆ. ಅದು ಋತುವಿನ ಲೆಕ್ಕ, ತಲೆಮಾರುಗಳಿಂದ ಮಳೆ ನೋಡಿ ಕಟ್ಟಿದ ಗಾದೆ. ಬಯೋಡೈನಾಮಿಕ್‌ನವರದ್ದು ಚಂದ್ರನ ಲೆಕ್ಕ. ಜರ್ಮನಿಯ ಮರಿಯಾ ಥುನ್ ಎಂಬವರು ತಮ್ಮ ತೋಟದಲ್ಲಿ ಮೂಲಂಗಿ ಬಿತ್ತಿ ಬಿತ್ತಿ ನೋಡಿ ಮಾಡಿದ್ದು. ಚಂದ್ರ ಮೇಷ, ಸಿಂಹ, ಧನುವಿನಲ್ಲಿದ್ದರೆ ಹಣ್ಣಿನ ದಿನ. ಭೂಮಿಯ ರಾಶಿಗಳಲ್ಲಿ ಬೇರಿನ ದಿನ, ಗಾಳಿಗೆ ಹೂವು, ನೀರಿಗೆ ಎಲೆ. 27 ದಿನಕ್ಕೆ ಒಂದು ಸುತ್ತು.

ನಾನು ಒಂದು ವರ್ಷ ಇದನ್ನು ಪಾಲಿಸಿದೆ. ಆಳು ಸಿಗುವ ದಿನ ಎಲೆಯ ದಿನ ಆಗಿರುತ್ತದೆ. ಹಣ್ಣಿನ ದಿನ ಆಳು ಇರುವುದಿಲ್ಲ. ಬಿಟ್ಟೆ.

ಮಣ್ಣುಪರೀಕ್ಷೆ

ವೈನ್ ಕೂಡ ಹಣ್ಣಿನ ದಿನ ಚೆನ್ನಾಗಿರುತ್ತದೆ, ಬೇರಿನ ದಿನ ಸಪ್ಪೆ ಎಂದು ಹೇಳುತ್ತಾರೆ. ನ್ಯೂಜಿಲೆಂಡಿನಲ್ಲಿ ಅದನ್ನೂ ಪರೀಕ್ಷೆ ಮಾಡಿದರು. ವೈನ್ ಉದ್ಯಮದಲ್ಲೇ ಇರುವ 19 ಜನ, 12 ಪಿನೋ ನ್ವಾರ್ ವೈನ್. ಯಾವ ದಿನ ಎಂದು ಅವರಿಗೆ ಹೇಳಲಿಲ್ಲ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ದಿನಕ್ಕೂ ರುಚಿಗೂ ಸಂಬಂಧ ಕಾಣಲಿಲ್ಲ.

ಬೇ ಏರಿಯಾ ಅಕ್ಕ

ಇಲ್ಲಿ ಕ್ಯಾಲಿಫೋರ್ನಿಯಾದ ಕನ್ನಡದವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ. ಸೊನೊಮಾದ ಗ್ಲೆನ್ ಎಲೆನ್‌ನಲ್ಲಿ ಬೆಂಜಿಗರ್ ತೋಟ ಇದೆ. ವರ್ಷಗಳ ಹಿಂದೆ ಅತ್ತೆ ಮಾವ ಬಂದಾಗ ಹೋಗಿದ್ದೆವು. ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಕೂರಿಸಿಕೊಂಡು ಇಳಿಜಾರಿನ ತೋಟವೆಲ್ಲ ಸುತ್ತಿಸಿದರು. ಒಳ್ಳೆಯ ಕೀಟಗಳಿಗಾಗಿಯೇ ಬೆಳೆಸಿದ ಹೂದೋಟ ಇತ್ತು. ಕುಡಿಯದವರಿಗೂ ನೋಡಲು ಬೇಕಾದಷ್ಟಿತ್ತು. 2015ರಲ್ಲಿ ಅದನ್ನು ದೊಡ್ಡ ಕಂಪನಿ ಕೊಂಡಿತು. ಹೋಗುವ ಮುನ್ನ ಟೂರ್ ವಿವರ ವಿಚಾರಿಸಿ.

ಬೇರೆ ಒಂದು ಕಡೆ, ಹೆಸರು ಬೇಡ, ಮಾವನವರು ಒಂದು ಹನಿಯೂ ಮುಟ್ಟದಿದ್ದರೂ ಪೂರ್ತಿ ಟೇಸ್ಟಿಂಗ್ ಹಣ ತೆಗೆದುಕೊಂಡರು. ಕೂರಲು ಕುರ್ಚಿ ಕೇಳಿದರೆ ಇದು ಕುಡಿಯುವವರಿಗೆ ಎಂದರು. ಹಿರಿಯರ ಮುಂದೆ ತುಂಬ ನೋವಾಯಿತು. ಬುಕ್ ಮಾಡುವಾಗಲೇ ಎಷ್ಟು ಜನ ಕುಡಿಯುತ್ತಾರೆ, ಎಷ್ಟು ಜನ ಬರೀ ನೋಡುತ್ತಾರೆ ಎಂದು ಹೇಳಿಬಿಡಿ.

ಪರ್ತ್‌ವಾಸಿ

ಅಕ್ಕ ಹೇಳಿದ್ದು ನಿಜ. ನಾನೂ ಮೊದಲೇ ಫೋನ್ ಮಾಡಿ ಹೇಳಿದ್ದೆ. ಇನ್ನೆರಡು ಮಾತು ಸೇರಿಸುತ್ತೇನೆ. ಅಲ್ಲಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಾಚಿಕೆ ಬೇಡ, ಬಲ್ಲವರೆಲ್ಲ ಉಗುಳುತ್ತಾರೆ. ಇಲ್ಲಿ ಡ್ರೈವರ್‌ಗೆ ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.05. ನಾಲ್ಕೈದು ಕಡೆ ರುಚಿ ನೋಡಿ ಸ್ಟೇರಿಂಗ್ ಹಿಡಿಯಬೇಡಿ.

ಅಪ್ಪನಿಗೆ ಎಲ್ಲ ಉತ್ತರ ಓದಿ ಹೇಳಿದೆ, ವಿಡಿಯೋ ಕಾಲ್‌ನಲ್ಲಿ. ಕೊಂಬು ಕೊಳ್ಳುವುದು ಬೇಡ ಎಂದರು. ಎಲ್ಲಿಂದ ಬಂದದ್ದೋ ಗೊತ್ತಿಲ್ಲದ ಕೊಂಬನ್ನು ಮನೆಗೆ ತರಲಾರೆ ಎಂದರು. ಆದರೆ ಆ ಒಂದು ಗಂಟೆ ತಿರುವುವುದು ಮಾತ್ರ ಅವರ ತಲೆಯಿಂದ ಹೋಗಿಲ್ಲ. "ಆ ಮನುಷ್ಯ ಒಂದು ಗಂಟೆ ಬಕೆಟ್ ಮುಂದೆ ಕೂತು ಆಮೇಲೆ ತಾನೇ ಹೊತ್ತುಕೊಂಡು ಸಾಲು ಸಾಲು ಹೋಗ್ತಾನೆ. ಪ್ರತಿ ಬಳ್ಳಿ ಹತ್ತಿರ ನಿಲ್ತಾನೆ. ನಾನು ನನ್ನ ತೋಟದ ಮೇಲಿನ ಬಣ್ಣಕ್ಕೆ (ತೋಟದ ಮೇಲಿನ ಭಾಗಕ್ಕೆ) ಹೋಗಿ ಎಷ್ಟು ದಿನ ಆಯ್ತು? ಮದ್ದಿನವರು ಹೋಗ್ತಾರೆ, ಕೊನೆಗಾರ ಹೋಗ್ತಾನೆ. ನಾನು ಹೋಗಿಲ್ಲ" ಎಂದರು. ಕೊಂಬಿಲ್ಲದೆ ಮಾಡುವ ದಾರಿ ಏನಾದರೂ ಇದೆಯಾ?

ಬೆಟ್ಟದ ಸೊಪ್ಪು

ಇದೆ. ಸಗಣಿ ಗುಂಡಿ ಗೊಬ್ಬರ, ಸಿಪಿಪಿ ಎನ್ನುತ್ತಾರೆ. ಮರಿಯಾ ಥುನ್ ಅವರದ್ದೇ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ಆಳದ ಗುಂಡಿ. ಬದಿಗೆ ಇಟ್ಟಿಗೆ, ತಳ ಬರೀ ಮಣ್ಣು. 60 ಕೆಜಿ ಗಟ್ಟಿ ಸಗಣಿ, 200 ಗ್ರಾಂ ಪುಡಿ ಮಾಡಿದ ಮೊಟ್ಟೆ ಚಿಪ್ಪು, ಅಷ್ಟೇ ಕಲ್ಲುಪುಡಿ ಸೇರಿಸಿ ಚೆನ್ನಾಗಿ ನಾದಬೇಕು. ನಾನು ಮೊಟ್ಟೆ ಚಿಪ್ಪಿನ ಬದಲು ಸುಣ್ಣ ಹಾಕಿದೆ. ಮೂಲ ವಿಧಾನದಲ್ಲಿ ಆ ಗಿಡಮೂಲಿಕೆ ತಯಾರಿಕೆಗಳನ್ನೂ ಇಡುತ್ತಾರೆ. ಅವು ಬೇಡವೆಂದರೆ ಬಿಡಿ, ಒಳ್ಳೆಯ ಕಾಂಪೋಸ್ಟ್ ಅಂತೂ ಆಗುತ್ತದೆ. ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿಡಿ. ಮೂರು ನಾಲ್ಕು ತಿಂಗಳಿಗೆ ಸಿದ್ಧ.

ಮಣ್ಣುಪರೀಕ್ಷೆ

ಹಾಕುವ ಮುನ್ನ ಒಂದು ಕೆಲಸ ಮಾಡಿಸಿ. ಒಂದೇ ರೀತಿಯ ಎರಡು ತುಂಡು ಆರಿಸಿ, 20-20 ಮರ. ಒಂದಕ್ಕೆ ಹಾಕಿ, ಇನ್ನೊಂದಕ್ಕೆ ಹಾಕಬೇಡಿ. ಉಳಿದ ಗೊಬ್ಬರ, ನೀರು ಎರಡಕ್ಕೂ ಸಮ ಇರಲಿ. ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಎರೆಹುಳ ಎಣಿಸಿ ಬರೆದಿಡಿ. ಬೋರ್ಡೋ ಬಿದ್ದ ಬುಡದ ಮಣ್ಣು ತಾಮ್ರದ ಪರೀಕ್ಷೆಗೆ ಹೋಗಲಿ. ಕೃಷಿ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ವಿಚಾರಿಸಿ.

ದೊಡ್ಡಬಳ್ಳಾಪುರ ಚಪ್ಪರ

ನಾನೂ ನಾಳೆ ಎರಡು ಸಾಲಿನಲ್ಲಿ ಗುಂಡಿ ತೆಗೆದು ಎಣಿಸುತ್ತೇನೆ. ಇಷ್ಟು ವರ್ಷ ಚಪ್ಪರದ ಮೇಲೆ ನೋಡಿದ್ದೇ ಆಯಿತು, ಕೆಳಗೆ ಅಗೆದು ನೋಡಿಲ್ಲ.

ಪರ್ತ್‌ವಾಸಿ

ಇವತ್ತು ಬೆಳಿಗ್ಗೆ ಅಮ್ಮ ಫೋಟೋ ಕಳಿಸಿದ್ದಾರೆ. ಅಪ್ಪ ಮೇಲಿನ ಬಣ್ಣದಲ್ಲಿ 20, ಪಕ್ಕದಲ್ಲಿ 20 ಮರಕ್ಕೆ ಸುಣ್ಣದಲ್ಲಿ ಗೀಟು ಹಾಕಿದ್ದಾರೆ. ಎರಡು ಗುಂಡಿ ತೆಗೆದರು. ಒಂದರಲ್ಲಿ 7 ಎರೆಹುಳ, ಇನ್ನೊಂದರಲ್ಲಿ 4. ಮೂರನೇ ಗುಂಡಿ ಬೆಟ್ಟದಲ್ಲಿ, ದರಕಿನ ಅಡಿ. ಅಲ್ಲಿ 31. ಅಡಿಕೆ ದರ ಬರೆಯುವ ಹಳೆ ಡೈರಿಯಲ್ಲಿ ಈ ಮೂರೂ ಸಂಖ್ಯೆಯನ್ನು ತಾರೀಕು ಹಾಕಿ ಬರೆದಿದ್ದಾರೆ.

ಕೊಟ್ಟಿಗೆ ಹಿಂದೆ ಇಟ್ಟಿಗೆ ಗುಂಡಿಯೂ ಆಗಿದೆ. ಸಗಣಿ ನಾದುವಾಗ ಬಲಕ್ಕೋ ಎಡಕ್ಕೋ ಎಂದು ಕೇಳಲು ಹೇಳಿದ್ದಾರೆ.

ಬೆಟ್ಟದ ಸೊಪ್ಪು

ನಾದುವುದಕ್ಕೆ ದಿಕ್ಕಿಲ್ಲ, ಕಾಲಲ್ಲಿ ತುಳಿದರೂ ಆಗುತ್ತದೆ. ಸ್ಪ್ರೇಗೆ ನೀರಿನಲ್ಲಿ ತಿರುವುವಾಗ ಮಾತ್ರ ಎರಡೂ ಕಡೆ.